ಕಾಲಿನಲ್ಲೊಂದು ಸುತ್ತಿಗೆ, ಒಂದು ದೋಣಿ



ಬಚ್ಚಲಲ್ಲಿ ಜಾರಿಯೋ ಹೊಸ್ತಿಲು ಎಡವಿಯೋ ಕಾಲು ಹೊರಳಿಸಿಕೊಂಡವರಿಗೆ, ಎಕ್ಸ್‌-ರೇ ಚೀಟಿಯಲ್ಲಿ ‘ಮ್ಯಾಲಿಯೋಲಸ್’ ಅಂತ ಬರೆದದ್ದು ಕಂಡರೆ ಅರ್ಧ ಜೀವ ಹೋಗುತ್ತೆ. ಯಾವ ಮಹಾಕಾಯಿಲೆಯೋ ಏನೋ ಅಂತ! ಅದು ಕಾಯಿಲೆಯ ಹೆಸರೇ ಅಲ್ಲ ಕಣ್ರೀ. ಲ್ಯಾಟಿನ್ ಭಾಷೆಯಲ್ಲಿ ‘ಪುಟ್ಟ ಸುತ್ತಿಗೆ’ ಅಂತ ಅರ್ಥ, ಅಷ್ಟೆ.

ನಾವು ಹಾಕಿಕೊಳ್ಳುವ ಕಾಲ್ಚೈನು ಬಂದು ಕೂರುತ್ತದಲ್ಲ, ಆ ಎರಡು ಉಬ್ಬುಗಳೇ ಈ ಸುತ್ತಿಗೆಗಳು. ಒಳಗಡೆಯದು ಮೊಣಕಾಲ ಕೆಳಗಿನ ದಪ್ಪ ಮೂಳೆಯ ತುದಿ, ಹೊರಗಡೆಯದು ಅದರ ಪಕ್ಕದ ಸಣ್ಣ ಮೂಳೆಯ ತುದಿ. ಮುಟ್ಟಿ ನೋಡಿ, ಹೊರಗಿನ ಉಬ್ಬು ತುಸು ಕೆಳಗಿರುತ್ತೆ.

ನಮ್ಮ ಹಿರಿಯರು ಈ ಜಾಗಕ್ಕೆ ಹರಡು ಅಂದರು, ಕಾಲ್ಗಿಣ್ಣು ಅಂದರು. ಕಬ್ಬಿನ ಜಲ್ಲೆಗೆ ಗಿಣ್ಣಿದೆಯಲ್ಲ, ಅದೇ ಗಿಣ್ಣು. (ಕರು ಹಾಕಿದ ಹಸುವಿನ ಹಾಲಿನಲ್ಲಿ ಮಾಡುವ ಗಿಣ್ಣು ಬೇರೆ. ಅದನ್ನು ಇನ್ನೊಂದು ಸಂಚಿಕೆಯಲ್ಲಿ ಮಾಡೋಣ!) ತಮಿಳಿನವರ ‘ಕಣುಕ್ಕಾಲ್’ ಕೂಡ ಹೀಗೇ, ಕಣು ಅಂದರೆ ಕಬ್ಬು ಬಿದಿರುಗಳ ಗಂಟು. ಸಂಸ್ಕೃತದಲ್ಲಿ ಗುಲ್ಫ. ಸುಶ್ರುತ ಸಂಹಿತೆ ಹೇಳುವ 107 ಮರ್ಮಗಳಲ್ಲಿ ಗುಲ್ಫವೂ ಒಂದು. ಅಲ್ಲಿ ಪೆಟ್ಟಾದರೆ ನೋವು, ಕಾಲು ಬಿಗಿಯುವುದು, ಕುಂಟು ಬರುತ್ತದೆ ಅಂತ ಆಗಲೇ ಬರೆದಿಟ್ಟಿದ್ದಾರೆ.

ಎರಡು ಸುತ್ತಿಗೆಗಳ ನಡುವೆ ಸಿಕ್ಕಿಕೊಂಡಿರುವ ಮೂಳೆಯೇ ಟೇಲಸ್. ಇದರ ಕಥೆ ಸ್ವಾರಸ್ಯವಾಗಿದೆ. ರೋಮನ್ನರು ಕುರಿ ಮೇಕೆಗಳ ಈ ಮೂಳೆಯನ್ನೇ ದಾಳವಾಗಿ ಎಸೆದು ಆಡುತ್ತಿದ್ದರು. ಹಾಗಾಗಿ ಟೇಲಸ್ ಅಂದರೆ ದಾಳವೂ ಹೌದು. ನಾಲ್ಕು ಮುಖ, ಅವುಗಳ ಬೆಲೆ 1, 3, 4, 6. ನಮ್ಮ ಪಗಡೆಯ ಉದ್ದ ದಾಳಕ್ಕೂ ನಾಲ್ಕೇ ಮುಖ ನೋಡಿ. ನಮ್ಮ ಮೈಭಾರವೆಲ್ಲ ಪಾದಕ್ಕೆ ಇಳಿಯುವುದು ಇದರ ಮೇಲಿಂದಲೇ. ಆದರೂ ಒಂದು ಸ್ನಾಯುವೂ ಇದಕ್ಕೆ ಅಂಟಿಕೊಂಡಿಲ್ಲ. ರಕ್ತದ ಸರಬರಾಜೂ ಕಡಿಮೆ, ಮುರಿದರೆ ಕೂಡುವುದು ನಿಧಾನ.

ಇದರ ಮುಂದೆ ಒಳಬದಿಗೆ ನ್ಯಾವಿಕ್ಯುಲರ್, ಅಂದರೆ ಪುಟ್ಟ ದೋಣಿ. ಆಮೇಲೆ ಮೂರು ಬೆಣೆಗಳು, ಹೊರಬದಿಗೆ ಚೌಕದ ಒಂದು ಮೂಳೆ, ಹಿಂದೆ ಹಿಮ್ಮಡಿ. ಒಟ್ಟು ಏಳು. ಈ ಏಳಕ್ಕೂ ಸೇರಿ ಟಾರ್ಸಸ್ ಅಂತಾರೆ. ಗ್ರೀಕರಲ್ಲಿ ಆ ಮಾತಿಗೆ ಚೀಸ್ ಒಣಗಿಸುವ ಚಪ್ಪಟೆ ಬುಟ್ಟಿ ಅಂತಲೂ ಅರ್ಥವಿತ್ತಂತೆ. ಹೆಸರಿಟ್ಟವರು ಅಡಿಗೆಮನೆ ಹೊಕ್ಕು ಬಂದಿರಬೇಕು!

ಹೆಸರು ತಿಳಿದು ನಮಗೇನು ಲಾಭ ಅಂತೀರಾ? ಇದೆ. ಉಳುಕಿದ ಕೂಡಲೆ ಬಿಸಿ ಎಣ್ಣೆ ಹಾಕಿ ನೀವಿಸುವುದು ನಮ್ಮಲ್ಲಿ ವಾಡಿಕೆ. ಮೂಳೆ ಬಿರುಕು ಬಿಟ್ಟಿದ್ದರೆ ಅದೇ ಅನಾಹುತ. ಕೆನಡಾದ ಆಟವಾ ನಗರದ ವೈದ್ಯರು 1992ರಲ್ಲಿ ಒಂದು ಸರಳ ಪರೀಕ್ಷೆ ಪ್ರಕಟಿಸಿದರು. ಸುತ್ತಿಗೆಗಳ ತುದಿಯನ್ನು, ಹಿಂದಿನ ಅಂಚಿನಲ್ಲಿ ಸುಮಾರು 6 ಸೆಂಟಿಮೀಟರ್ ಮೇಲಿನವರೆಗೆ, ಒತ್ತಿ ನೋಡಬೇಕು. ಒಳಬದಿಯ ದೋಣಿಯನ್ನೂ, ಹೊರಬದಿಯಲ್ಲಿ ಕಿರುಬೆರಳಿನ ನೇರಕ್ಕೆ ಪಾದದ ಮಧ್ಯದ ಉಬ್ಬನ್ನೂ ಒತ್ತಬೇಕು. ಮೂಳೆಯ ಮೇಲೇ ನೋವಾದರೆ, ಇಲ್ಲವೆ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌-ರೇ ಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ನೋವೇ ತಿಳಿಯದು, ಮಕ್ಕಳು ಸರಿಯಾಗಿ ಹೇಳಲಾರರು. ಅವರನ್ನು ಸೀದಾ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಅಲ್ಲಿಯವರೆಗೆ ಎಣ್ಣೆ ಬೇಡ, ನೀವುವುದೂ ಬೇಡ. ಕಾಲನ್ನು ದಿಂಬಿನ ಮೇಲೆತ್ತಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಇಡಿ. ಊತ ಏರುವ ಮೊದಲೇ ಕಾಲ್ಚೈನು, ಕಾಲುಂಗುರ ಎರಡನ್ನೂ ತೆಗೆದುಬಿಡಿ. ಕಾಲುಂಗುರ ತೆಗೆಯಬಾರದು ಅಂತ ಮನೆಯ ಹಿರಿಯರು ಮುಖ ಸಣ್ಣ ಮಾಡಿದರೆ, ದೇವರ ಮುಂದೆ ಇಟ್ಟಿರಿ. ಊತ ಇಳಿದ ಮೇಲೆ ಅವರ ಕೈಯಿಂದಲೇ ಹಾಕಿಸಿಕೊಂಡರಾಯಿತು.