ಸ್ಟಾಂಪು ಒತ್ತುವವನ ಕೈಯಲ್ಲಿ ವಾಪಸ್ ಮೆಮೊ

ಈ ಗಣರಾಜ್ಯೋತ್ಸವದ ದಿನ ನಮ್ಮ ಸೊಸೈಟಿಯಲ್ಲಿ ಬಾವುಟ ಹಾರಿಸಿ ವಡಾಪಾವ್ ತಿನ್ನುತ್ತ ನಿಂತಿದ್ದಾಗ ನಮ್ಮ ಕಡೆಯವರೇ ಆದ ಗೆಳೆಯರೊಬ್ಬರು ಒಂದು ಮಾತು ಎಸೆದರು. "ರಾಷ್ಟ್ರಪತಿ ಅಂದ್ರೆ ರಬ್ಬರ್ ಸ್ಟಾಂಪು ಕಣ್ರೀ. ಕಲಾಂ ಒಬ್ಬರನ್ನ ಬಿಟ್ರೆ ಯಾರ ಹೆಸರು ನೆನಪಿದೆ ಹೇಳಿ?" ಸುತ್ತ ಇದ್ದವರೆಲ್ಲ ಹೂಂ ಅಂದರು. ಹಬ್ಬದ ದಿನ ಜಗಳ ಬೇಡ ಅಂತ ನಾನು ಸುಮ್ಮನಿದ್ದೆ. ಇಲ್ಲಿ ಆಡುತ್ತೇನೆ.

ಸ್ವಾಮಿ, ಮೂವತ್ತು ವರ್ಷದಿಂದ ಈ ಮುಂಬಯಿಯಲ್ಲಿ ಸ್ಟಾಂಪು ಒತ್ತಿ ಸಹಿ ಹಾಕಿಯೇ ನಾನು ಅನ್ನ ತಿಂದಿದ್ದು. ವೋಚರ್ ಬರೆಯುವವರು ಬೇರೆ, ದುಡ್ಡು ಬೇರೆಯವರದು. ನನ್ನದು ಬರೀ ಸಹಿ. ಆದರೆ ಕಾಗದ ಸರಿ ಇಲ್ಲದಿದ್ದರೆ ವಾಪಸ್ ಕಳಿಸುವುದೂ ನನ್ನದೇ ಕೆಲಸ. ರಾಷ್ಟ್ರಪತಿಗೂ ಸಂವಿಧಾನದ 44ನೇ ತಿದ್ದುಪಡಿ (1978) ಕೊಟ್ಟಿರುವುದು ಇಷ್ಟೇ. ಸಂಪುಟದ ಸಲಹೆಯನ್ನು ಒಂದೇ ಒಂದು ಸಲ ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಮತ್ತೆ ಅದೇ ಬಂದರೆ ಸಹಿ ಹಾಕಲೇಬೇಕು.

ಆ ಒಂದು ಸಲವನ್ನು ಬಳಸಿದವರು ಕೆ.ಆರ್. ನಾರಾಯಣನ್. 1997ರ ಅಕ್ಟೋಬರ್. ಉತ್ತರ ಪ್ರದೇಶದ ಸದನದಲ್ಲಿ ಮೈಕು, ಕುರ್ಚಿ ಹಾರಾಡಿದವು, ಆದರೂ ಕಲ್ಯಾಣ್ ಸಿಂಗ್ ಬಹುಮತ ತೋರಿಸಿದ್ದರು. ಗುಜ್ರಾಲ್ ಸಂಪುಟ ರಾಷ್ಟ್ರಪತಿ ಆಳ್ವಿಕೆ ಹೇರಿ ಅಂದಿತು. ನಾರಾಯಣನ್ ಕಡತ ವಾಪಸ್ ಕಳಿಸಿದರು, ಸಂಪುಟ ಸುಮ್ಮನಾಯಿತು. 1998ರ ಸೆಪ್ಟೆಂಬರಿನಲ್ಲಿ ವಾಜಪೇಯಿ ಸಂಪುಟ ಬಿಹಾರದ ರಾಬ್ಡಿ ದೇವಿ ಸರ್ಕಾರದ ಮೇಲೆ ಅದನ್ನೇ ಕೇಳಿತು. ಅದೂ ವಾಪಸ್. ಮೊದಲನೇ ಸಲ ಉಳಿದದ್ದು ಬಿಜೆಪಿ ಸರ್ಕಾರ, ಎರಡನೇ ಸಲ ಲಾಲೂ ಕಡೆಯವರದು. ಈಗ ಹೇಳಿ, ಇವರು ಯಾವ ಪಾರ್ಟಿ? 1999ರ ಫೆಬ್ರವರಿಯಲ್ಲಿ ಬಿಹಾರದ ಕಡತ ಮತ್ತೆ ಬಂದಾಗ ನಿಯಮದಂತೆ ಸಹಿ ಹಾಕಿದರು. ರಾಜ್ಯಸಭೆಯಲ್ಲಿ ಪಾಸಾಗುವುದಿಲ್ಲ ಅಂತ ಗೊತ್ತಾಗಿ ಮಾರ್ಚಿನಲ್ಲಿ ಸರ್ಕಾರವೇ ಹಿಂದೆ ತೆಗೆದುಕೊಂಡಿತು.

ಇದರ ಬೆಲೆ ನಮ್ಮವರಿಗೇ ಹೆಚ್ಚು ಗೊತ್ತಿರಬೇಕಿತ್ತು. 1989ರ ಏಪ್ರಿಲಿನಲ್ಲಿ ನಾನು ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುತ್ತಿದ್ದೆ. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಅಂತ ಎಸ್.ಆರ್. ಬೊಮ್ಮಾಯಿ ಕೇಳಿಕೊಂಡರೂ ರಾಜ್ಯಪಾಲರು ಒಪ್ಪಲಿಲ್ಲ. ದಿಲ್ಲಿಯಲ್ಲಿ ರಾಷ್ಟ್ರಪತಿ ವೆಂಕಟರಾಮನ್ ಸಹಿ ಬಿತ್ತು, ಸರ್ಕಾರ ಹೋಯಿತು. ಅದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1994ರ ಮಾರ್ಚಿನಲ್ಲಿ, ಐದು ವರ್ಷದ ಮೇಲೆ! ಕುರ್ಚಿ ವಾಪಸ್ ಬಂತೇ? ಆವತ್ತು ಆ ಕಡತಕ್ಕೊಂದು ಮೆಮೊ ಅಂಟಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಹೇಳೋದು ಸುಲಭ, ಗೊತ್ತು. ಎಷ್ಟೋ ವರ್ಷದ ಹಿಂದೆ ಒಂದು ಸಾಲದ ಫೈಲಿನಲ್ಲಿ ಆಸ್ತಿಯ ಮೌಲ್ಯಮಾಪನ ವರದಿಯೇ ಇರಲಿಲ್ಲ. "ನಾಳೆ ಬರುತ್ತೆ, ಬರೀ ಫಾರ್ಮ್ಯಾಲಿಟಿ, ಹಾಕಿ" ಅಂದರು ಮೇಲಿನವರು. ಹಾಕಿದೆ. ಆ ನಾಳೆ ಇವತ್ತಿಗೂ ಬಂದಿಲ್ಲ. ಸಾಲ ಮುಳುಗಿತು. ವಿಚಾರಣೆಯಲ್ಲಿ ಮೇಜಿನ ಮೇಲೆ ಇದ್ದದ್ದು ನನ್ನ ಸಹಿ, ಅವರ ಮಾತಲ್ಲ. ಒಂದು ಇನ್‌ಕ್ರಿಮೆಂಟ್ ಹೋಯಿತು, ಮನೆಯಲ್ಲಿ ಮೂರು ತಿಂಗಳು ಹೇಳಿರಲಿಲ್ಲ. ಹಾಗಾಗಿ 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹಮದ್ ತುರ್ತುಪರಿಸ್ಥಿತಿಗೆ ಸಹಿ ಹಾಕಿದ್ದನ್ನು ಓದಿದಾಗಲೆಲ್ಲ ನನ್ನ ಹೊಟ್ಟೆ ತೊಳಸುತ್ತೆ. ಸಂಪುಟದ ಒಪ್ಪಿಗೆ ಆಗಿದ್ದು ಮರುದಿನ ಬೆಳಿಗ್ಗೆ. ಅಂದರೆ ವೋಚರ್ ಮೊದಲು, ಆಧಾರ ಆಮೇಲೆ.

ನಾರಾಯಣನ್ ದೇವರಲ್ಲ. 2002ರ ಗುಜರಾತ್ ಗಲಭೆಯ ಹೊತ್ತಿಗೆ ಪ್ರಧಾನಿಗೆ ಪತ್ರ ಬರೆದರು. ಪತ್ರದಿಂದ ಗಲಭೆ ನಿಲ್ಲಲಿಲ್ಲ.

ಇನ್ನು ಕಲಾಂ. ಅವರ ಮೇಲೆ ನನಗೂ ಗೌರವ ಇದೆ, ಲಾಭದಾಯಕ ಹುದ್ದೆಯ ಮಸೂದೆಯನ್ನು 2006ರಲ್ಲಿ ಅವರೂ ವಾಪಸ್ ಕಳಿಸಿದವರೇ. ಆದರೆ 2005ರ ಮೇನಲ್ಲಿ ಬಿಹಾರ ವಿಧಾನಸಭೆ ವಿಸರ್ಜನೆಯ ಕಾಗದ ಮಾಸ್ಕೋಗೆ ಫ್ಯಾಕ್ಸ್ ಆದಾಗ ಅಲ್ಲಿಂದಲೇ ಸಹಿ ಹಾಕಿದರು. ಅದು ಸಂವಿಧಾನಬಾಹಿರ ಅಂತ ಆ ವರ್ಷವೇ ಸುಪ್ರೀಂ ಕೋರ್ಟ್ ಹೇಳಿತು. ಆಗ ತಾವು ರಾಜೀನಾಮೆಗೆ ಸಿದ್ಧರಾಗಿದ್ದಾಗಿ 2012ರ 'ಟರ್ನಿಂಗ್ ಪಾಯಿಂಟ್ಸ್' ಪುಸ್ತಕದಲ್ಲಿ ಕಲಾಂ ಅವರೇ ಬರೆದುಕೊಂಡಿದ್ದಾರೆ. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಅವರ ಫೋಟೋ ವಾರಕ್ಕೊಮ್ಮೆ ಬರುತ್ತೆ. ಈ ಸಂಗತಿಯನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾನು ನೋಡಿಲ್ಲ.