ಷೇರುದಾರನ ಅನುಮೋದನೆ

ಷೇರು ಕೊಳ್ಳುವುದರಲ್ಲಿ ದೋಷವೆಲ್ಲಿದೆ ಎಂದು ಕೇಳುವ ಶ್ರಾವಕರು ಸಮಾಜದಲ್ಲಿ ಕಡಿಮೆಯೇನಿಲ್ಲ. ಅವರ ವಾದ ಸರಳವಾದುದು. ಕಾಡು ಸುಡುವುದು, ದಂತ ಮಾರುವುದು, ವಿಷ ಮಾರುವುದು ಮೊದಲಾದ ಹದಿನೈದು ಖರಕರ್ಮಗಳನ್ನು ಆಚಾರಗ್ರಂಥಗಳು ನಿಷೇಧಿಸಿವೆ. ಆ ಪಟ್ಟಿಯಲ್ಲಿ ಕಂಪ್ಯೂಟರ್ ಚಿಪ್ಪಿನ ಕಂಪನಿ ಇಲ್ಲ. ಆದುದರಿಂದ ಚರ್ಮದ ಕಾರ್ಖಾನೆಯನ್ನೂ ಮದ್ಯದ ಭಟ್ಟಿಯನ್ನೂ ಬಿಟ್ಟು ತಂತ್ರಜ್ಞಾನದ ಷೇರು ಹಿಡಿದವನು ನಿರ್ದೋಷಿ. ಪಟ್ಟಿಯನ್ನು ನೆನಪಿಟ್ಟು ವ್ರತವನ್ನು ಮರೆಯುವ ಕ್ರಮವಿದು. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಐದು ಅತಿಚಾರಗಳನ್ನು ಹೇಳುತ್ತದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಇವುಗಳಲ್ಲಿ ಒಂದೂ ಗೋಡೆ ಕೊರೆಯುವ ಕಳ್ಳನಿಗಾಗಿ ಹೇಳಿದುದಲ್ಲ. ಇವೆಲ್ಲ ಅಂಗಡಿಯಲ್ಲಿ ಕುಳಿತ ಮರ್ಯಾದಸ್ಥನಿಗಾಗಿ ಹೇಳಿದವು.

ಅಮೆರಿಕದ ರಾಂಬಸ್ ಕಂಪನಿಯ ಚರಿತ್ರೆ ಇಲ್ಲಿ ವಿಚಾರಣೀಯ. ಮೈಕ್ ಫಾರ್ಮ್‌ವಾಲ್ಡ್ ಮತ್ತು ಮಾರ್ಕ್ ಹೊರೊವಿಟ್ಜ್ ಎಂಬ ಇಬ್ಬರು ಪಂಡಿತರು 1990ರಲ್ಲಿ ಇದನ್ನು ಸ್ಥಾಪಿಸಿದರು. ಕಂಪ್ಯೂಟರಿನ ಸ್ಮರಣಕೋಶದಿಂದ ಮಾಹಿತಿಯನ್ನು ಶೀಘ್ರವಾಗಿ ಹೊರತರುವ ಉಪಾಯವನ್ನು ಅವರು ನಿಜವಾಗಿಯೂ ಕಂಡುಹಿಡಿದಿದ್ದರು. ಅದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಕಂಪನಿ ಚಿಪ್ಪುಗಳನ್ನು ತಯಾರಿಸಿ ಮಾರಲಿಲ್ಲ, ಪೇಟೆಂಟುಗಳ ಪರವಾನಗಿಯನ್ನು ಮಾರಿತು. ಇದರಲ್ಲಿಯೂ ತಪ್ಪಿಲ್ಲ.

ತೊಡಕು ಹುಟ್ಟಿದುದು ಜೆಡೆಕ್ ಎಂಬ ಮಾನಕ ಸಮಿತಿಯಲ್ಲಿ. ಬೇರೆ ಬೇರೆ ಕಾರ್ಖಾನೆಗಳ ಚಿಪ್ಪುಗಳು ಒಂದೇ ಯಂತ್ರದಲ್ಲಿ ಕೂಡಬೇಕಾದರೆ ಎಲ್ಲರೂ ಒಪ್ಪಿದ ಒಂದು ಮಾನಕ ಬೇಕು. ತಯಾರಕರೆಲ್ಲ ಸೇರಿ ಅದನ್ನು ನಿರ್ಣಯಿಸುತ್ತಾರೆ. ಒಮ್ಮೆ ನಿರ್ಣಯವಾಗಿ, ಕೋಟ್ಯಂತರ ಡಾಲರ್ ಸುರಿದು ಕಾರ್ಖಾನೆಗಳೆದ್ದ ಮೇಲೆ ಹಿಂದಿರುಗುವ ದಾರಿಯಿಲ್ಲ. ರಾಂಬಸ್ 1996ರವರೆಗೆ ಆ ಸಭೆಗಳಲ್ಲಿ ಸದಸ್ಯನಾಗಿ ಕುಳಿತಿತು. ಸಭೆಯಲ್ಲಿ ಚರ್ಚಿತವಾಗುತ್ತಿದ್ದ ಅಂಶಗಳು ತನ್ನ ಹಕ್ಕಿನೊಳಗೆ ಬರುವಂತೆ ಪೇಟೆಂಟ್ ಅರ್ಜಿಗಳನ್ನು ತಿದ್ದುತ್ತ ಬಂದಿತು. ಅದನ್ನು ಸಭೆಗೆ ತಿಳಿಸಲಿಲ್ಲ. ಮಾನಕ ನೆಲೆಗೊಂಡ ಬಳಿಕ, 2000ರಲ್ಲಿ, ಇನ್ಫಿನಿಯಾನ್ ಮೊದಲಾದ ತಯಾರಕರೊಡನೆ ದಾವೆಗಿಳಿಯಿತು.

ಮುಂದಿನದು ಹದಿಮೂರು ವರ್ಷಗಳ ವ್ಯಾಜ್ಯ. 2001ರಲ್ಲಿ ವರ್ಜೀನಿಯಾದ ಜ್ಯೂರಿ ರಾಂಬಸ್ ವಂಚಿಸಿತೆಂದಿತು; 2003ರಲ್ಲಿ ಮೇಲ್ಮನವಿಯ ನ್ಯಾಯಾಲಯ, ಸಮಿತಿಯ ನಿಯಮವೇ ಅಸ್ಪಷ್ಟವಾಗಿದ್ದುದರಿಂದ ಕರ್ತವ್ಯಲೋಪ ಸಾಬೀತಾಗಲಿಲ್ಲವೆಂದು ಅದನ್ನು ತಳ್ಳಿಹಾಕಿತು. 2006ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇದು ಮೋಸದಿಂದ ಪಡೆದ ಏಕಸ್ವಾಮ್ಯವೆಂದು ನಿರ್ಣಯಿಸಿತು; 2008ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದನ್ನೂ ರದ್ದುಪಡಿಸಿತು. ರಾಂಬಸ್ ಮೌನವಾಗಿದ್ದುದು ಯೋಗ್ಯವೆಂದು ಆ ನ್ಯಾಯಾಲಯ ಹೇಳಲಿಲ್ಲ. ಮೌನದಿಂದ ಹೆಚ್ಚಿನ ಬೆಲೆ ದೊರಕಿದ್ದರೂ ಅಷ್ಟರಿಂದಲೇ ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆಯಾಗುವುದಿಲ್ಲ ಎಂದಿತು. ಷೇರುದಾರರು ಇದನ್ನೇ ಶುದ್ಧಿಪತ್ರವೆಂದು ಭಾವಿಸಿದರು. ಅದು ಶುದ್ಧಿಪತ್ರವಲ್ಲ. ಕಾನೂನು ಕೇಳುವ ಪ್ರಶ್ನೆ ಪೈಪೋಟಿಗೆ ಹಾನಿಯಾಯಿತೇ ಎಂಬುದು. ವ್ರತ ಕೇಳುವ ಪ್ರಶ್ನೆ ಮನಸ್ಸಿನಲ್ಲಿ ಮಾಯೆ ಇತ್ತೇ ಎಂಬುದು. ದಶಲಕ್ಷಣ ಪರ್ವದಲ್ಲಿ ಉತ್ತಮ ಆರ್ಜವದ ದಿನ ಪ್ರವಚನ ಕೇಳಿ ತಲೆದೂಗಿದವನಿಗೆ ಈ ಭೇದವನ್ನು ವಿವರಿಸಬೇಕಾಗಿ ಬಂದಿರುವುದು ಖೇದಕರ.

ದಸ್ತಾವೇಜುಗಳ ಕಥೆ ಇದಕ್ಕಿಂತ ಹೀನವಾದುದು. ದಾವೆ ಹೂಡುವ ಯೋಚನೆ ನಡೆದಿದ್ದ ಕಾಲದಲ್ಲಿಯೇ ಕಂಪನಿ ತನ್ನ ಹಳೆಯ ಕಾಗದಗಳನ್ನು ರಾಶಿರಾಶಿಯಾಗಿ ಚೂರು ಮಾಡಿಸಿತು. 2009ರಲ್ಲಿ ಡೆಲಾವೇರ್‌ನ ನ್ಯಾಯಾಲಯ ಇದನ್ನು ಸಾಕ್ಷ್ಯನಾಶವೆಂದು ಕರೆಯಿತು. 2011ರಲ್ಲಿ ಮೇಲ್ಮನವಿಯಲ್ಲಿಯೂ ಅದು ಸಾಕ್ಷ್ಯನಾಶವೇ ಆಗಿ ಉಳಿಯಿತು.

ಹಾಗಾದರೆ ಎದುರು ಪಕ್ಷ ಸಾಧುವೇ? ಅಲ್ಲ. ಪರರ ಆವಿಷ್ಕಾರವನ್ನು ಕೊಡದೆ ತೆಗೆದುಕೊಳ್ಳುವುದೂ ಅದತ್ತಾದಾನವೇ. ಅದೂ ಸಾಲದೆ ಸ್ಯಾಮ್‌ಸಂಗ್, ಹೈನಿಕ್ಸ್, ಇನ್ಫಿನಿಯಾನ್ ಕಂಪನಿಗಳು ಸ್ಮರಣಚಿಪ್ಪುಗಳ ಬೆಲೆಯನ್ನು ಗುಟ್ಟಾಗಿ ನಿಗದಿಪಡಿಸಿದುದನ್ನು ಒಪ್ಪಿಕೊಂಡು ಕ್ರಮವಾಗಿ 30 ಕೋಟಿ, 18.5 ಕೋಟಿ, 16 ಕೋಟಿ ಡಾಲರ್ ದಂಡ ತೆತ್ತವು. ರಾಂಬಸ್ ಪಕ್ಷದ ಷೇರುದಾರರು ಈ ಮಾತನ್ನು ಬ್ರಹ್ಮಾಸ್ತ್ರದಂತೆ ಎತ್ತುತ್ತಾರೆ. ಒಬ್ಬನ ಹೀನಾಧಿಕ ತೂಕದಿಂದ ಇನ್ನೊಬ್ಬನ ತಕ್ಕಡಿ ಸರಿಯಾಗುವುದಿಲ್ಲ. ಎರಡೂ ಪಕ್ಷಗಳು ದೋಷಿಗಳಾದಾಗ ಹೊರಗಿನವನು ಹಣವಿಟ್ಟು ಒಂದು ಪಕ್ಷ ವಹಿಸಬೇಕಾದ ಅಗತ್ಯವೇನು?

ಅಗತ್ಯವಿದ್ದುದು ಲಾಭಕ್ಕೆ. 2011ರ ನವೆಂಬರ್ 16ರಂದು ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿ, ಮೈಕ್ರಾನ್ ಮತ್ತು ಹೈನಿಕ್ಸ್ ಮೇಲೆ ರಾಂಬಸ್ ಹೂಡಿದ್ದ 395 ಕೋಟಿ ಡಾಲರುಗಳ ದಾವೆಯನ್ನು ತಿರಸ್ಕರಿಸಿತು. ಷೇರಿನ ಬೆಲೆ ಅಂದೇ ಅರ್ಧಕ್ಕಿಂತಲೂ ಕೆಳಗಿಳಿಯಿತು. ಆ ಬೆಳಿಗ್ಗೆ ಯಾವ ಚಿಪ್ಪಿನ ವೇಗವೂ ಕುಂದಿರಲಿಲ್ಲ, ಯಾವ ಆವಿಷ್ಕಾರವೂ ಸುಳ್ಳಾಗಿರಲಿಲ್ಲ. ಬೆಲೆಯ ಬಹುಪಾಲು ನಿಂತಿದ್ದುದು ಪರರ ಸೋಲಿನ ನಿರೀಕ್ಷೆಯ ಮೇಲೆ. ಹನ್ನೆರಡು ಜನರ ತೀರ್ಪಿಗಾಗಿ ಕಾದು, ಎದುರಾಳಿ ಕೆಡಲಿ ಎಂದು ಹಗಲಿರುಳು ಎಣಿಸುವ ಚಿತ್ತವನ್ನು ಶಾಸ್ತ್ರ ಹೂಡಿಕೆ ಎನ್ನುವುದಿಲ್ಲ, ರೌದ್ರಧ್ಯಾನ ಎನ್ನುತ್ತದೆ. ಅದರ ನಾಲ್ಕು ಭೇದಗಳಲ್ಲಿ ಪರಿಗ್ರಹಾನಂದವೂ ಒಂದು.

ಇನ್ನೊಂದು ಸಮಾಧಾನ ಹೀಗಿದೆ: ದಾವೆ ಹೂಡಿದವರು ನಿರ್ದೇಶಕರು, ಕಾಗದ ಹರಿದವರು ನೌಕರರು, ನೂರು ಷೇರಿನ ಒಡೆಯನಿಗೆ ಏನು ಸಂಬಂಧ? ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಲ್ಲಿ ಮೂರನೆಯದು ಇಂತಹವನಿಗಾಗಿಯೇ ತೆರೆದಿದೆ. ಸಂಗತಿ ತಿಳಿದೂ ಷೇರು ಹಿಡಿದವನು, ತೀರ್ಪು ಅನುಕೂಲವಾದ ದಿನ ಹಿಗ್ಗಿದವನು ಅನುಮೋದಿಸಿದವನೇ. ನೂರು ಷೇರೋ ಲಕ್ಷ ಷೇರೋ, ಆಸ್ರವ ಭಾವವನ್ನು ಅನುಸರಿಸುತ್ತದೆ.

ಮ್ಯೂಚುವಲ್ ಫಂಡಿನ ಮೂಲಕ ಅರಿಯದೆ ಕೊಂಡವನ ಸ್ಥಿತಿ ಬೇರೆ. ಅವನದು ಪ್ರಮಾದ, ಮಾಯೆಯಲ್ಲ. ಆದರೆ 2004ರಲ್ಲಿ ರಿಸರ್ವ್ ಬ್ಯಾಂಕ್ ಹೊರದೇಶಕ್ಕೆ ಹಣ ಕಳುಹಿಸುವ ದಾರಿಯನ್ನು ಸಡಿಲಗೊಳಿಸಿದ ಮೇಲೆ ಇಂತಹ ಷೇರನ್ನು ಹೆಸರು ಹಿಡಿದು ಕೊಳ್ಳುವವನು ಅಜ್ಞಾನದ ನೆಪ ಹೇಳುವಂತಿಲ್ಲ. ಅಮೆರಿಕದ ಕಂಪನಿಗಳು ಪ್ರತಿವರ್ಷ ಸರ್ಕಾರಕ್ಕೆ ಸಲ್ಲಿಸುವ ವರದಿಯಲ್ಲಿ ವ್ಯಾಜ್ಯಗಳಿಗೆಂದೇ ಒಂದು ಭಾಗವಿರುತ್ತದೆ, ಅದು ಯಾರಿಗೂ ಮುಚ್ಚಿದ ಪುಸ್ತಕವಲ್ಲ. ಲಾಭಾಂಶದ ಪುಟವನ್ನು ಮೂರು ಸಲ ಓದುವವನು ಆ ಭಾಗವನ್ನು ಒಂದು ಸಲ ಓದಬಹುದು, ಮತ್ತು ಓದಿದ ಮೇಲೆ ಕೊಳ್ಳದೆಯೂ ಇರಬಹುದು.