ಖಾತೆಗೆ ತಪ್ಪಿ ಬಂದ ಹಣ: ತಪ್ಪು ಬ್ಯಾಂಕಿನದ್ದು, ಹೊಣೆ ಯಾರದ್ದು?

2023ರ ದೀಪಾವಳಿಯ ಹೊತ್ತಿನಲ್ಲಿ, ನವೆಂಬರ್ 10ರಿಂದ 13ರವರೆಗಿನ ನಾಲ್ಕು ದಿನಗಳಲ್ಲಿ, ಸಾರ್ವಜನಿಕ ವಲಯದ ಯುಕೋ ಬ್ಯಾಂಕಿನ ಸುಮಾರು 41 ಸಾವಿರ ಖಾತೆಗಳಿಗೆ ಒಟ್ಟು 820 ಕೋಟಿ ರೂಪಾಯಿ ಜಮೆಯಾಯಿತು. ಕಳುಹಿಸಿದವರ ಬ್ಯಾಂಕುಗಳಲ್ಲಿ ಆ ವಹಿವಾಟುಗಳೆಲ್ಲ ವಿಫಲವೆಂದು ದಾಖಲಾಗಿದ್ದವು, ಅವರ ಖಾತೆಯಿಂದ ಹಣ ಹೋಗಿರಲಿಲ್ಲ. ಆದರೂ ಐಎಂಪಿಎಸ್ ವ್ಯವಸ್ಥೆಯ ದೋಷದಿಂದ ಈ ಕಡೆ ಹಣ ಬಂದು ಕುಳಿತಿತ್ತು. ಬ್ಯಾಂಕು ಕೆಲವೇ ದಿನಗಳಲ್ಲಿ 649 ಕೋಟಿ ವಾಪಸು ಪಡೆದುದಾಗಿ ಹೇಳಿತು. ಉಳಿದ ಹಣದ ಬಗ್ಗೆ ಸಿಬಿಐ ಕೇಸು ದಾಖಲಿಸಿ, ಅದೇ ಡಿಸೆಂಬರಿನಲ್ಲಿ ಕೋಲ್ಕತ್ತಾ ಮತ್ತು ನಮ್ಮ ಪಕ್ಕದ ಮಂಗಳೂರಿನಲ್ಲಿ, 2024ರ ಮಾರ್ಚಿನಲ್ಲಿ ರಾಜಸ್ಥಾನ ಹಾಗೂ ಮಹಾರಾಷ್ಟ್ರದ 67 ಕಡೆ ಶೋಧ ನಡೆಸಿತು.

ತಪ್ಪು ಮಾಡಿದ್ದು ಬ್ಯಾಂಕಿನ ಯಂತ್ರ. ಆದರೆ ಬಂದ ಹಣವನ್ನು ತೆಗೆದು ಖರ್ಚು ಮಾಡಿದವರ ಮನೆ ಬಾಗಿಲಿಗೂ ತನಿಖೆ ಬಂತು. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇಂದು ಖಾತೆಯಿಲ್ಲದ ಮನೆ ಅಪರೂಪ. ಕ್ಷೇಮ ಪಿಂಚಣಿ, ಕಿಸಾನ್ ಸಮ್ಮಾನ್ ಹಣ, ಉದ್ಯೋಗ ಖಾತರಿ ಕೂಲಿ, ಗಲ್ಫಿನಿಂದ ಮಗ ಕಳುಹಿಸುವ ದುಡ್ಡು, ಅಡಕೆ ಮಾರಿದ ಹಣ ಎಲ್ಲವೂ ಖಾತೆಗೇ ಬರುತ್ತದೆ. ಇಷ್ಟು ಕಡೆಯಿಂದ ಹಣ ಬರುವಾಗ ಒಂದು ದಿನ ನಮ್ಮದಲ್ಲದ ಹಣವೂ ಬಂದರೆ ಏನು ಮಾಡಬೇಕೆಂಬುದು ಪ್ರತಿಯೊಬ್ಬರೂ ಮೊದಲೇ ತಿಳಿದಿರಬೇಕಾದ ವಿಷಯ.

ಕಾನೂನು ಏನು ಹೇಳುತ್ತದೆ?

"ನಾನು ಕೇಳಿಲ್ಲ, ಕದ್ದಿಲ್ಲ, ಅವರೇ ಹಾಕಿದ್ದು, ಹಾಗಾದರೆ ನನ್ನದೇ ಅಲ್ಲವೇ?" ಎಂಬ ಮಾತು ಕೇಳಲು ನ್ಯಾಯವೆಂದೇ ತೋರುತ್ತದೆ. ಆದರೆ ಕಾನೂನು ಇದನ್ನು ಒಪ್ಪುವುದಿಲ್ಲ. 1872ರ ಭಾರತೀಯ ಒಪ್ಪಂದ ಕಾಯಿದೆಯ 72ನೇ ಸೆಕ್ಷನ್ ಪ್ರಕಾರ, ತಪ್ಪಿನಿಂದ ಹಣ ಪಡೆದವನು ಅದನ್ನು ಹಿಂದಿರುಗಿಸಲೇಬೇಕು. ತಪ್ಪು ಯಾರದ್ದೆಂಬ ಪ್ರಶ್ನೆ ಅಲ್ಲಿ ಮುಖ್ಯವಲ್ಲ. ಹಣ ವಸೂಲಿಗೆ ದಾವೆ ಹೂಡಲು ಮೂರು ವರ್ಷಗಳ ಅವಧಿಯಿದ್ದು, ತಪ್ಪು ಗೊತ್ತಾದಂದಿನಿಂದ ಅದನ್ನು ಲೆಕ್ಕ ಹಾಕುತ್ತಾರೆ. ಆದುದರಿಂದ "ಆರು ತಿಂಗಳಾಯಿತು, ಯಾರೂ ಕೇಳಲಿಲ್ಲ" ಎಂದು ನಿಶ್ಚಿಂತರಾಗುವಂತಿಲ್ಲ.

ಇದು ಸಿವಿಲ್ ಬದಿ. ಕ್ರಿಮಿನಲ್ ಬದಿಯೂ ಇದೆ. ಪರರ ಸೊತ್ತನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸುವುದು ಹಿಂದಿನ ದಂಡಸಂಹಿತೆಯ 403ನೇ ಸೆಕ್ಷನ್‌ನಲ್ಲಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 314ನೇ ಸೆಕ್ಷನ್. ಮೊದಲು ಕನಿಷ್ಠ ಶಿಕ್ಷೆ ಎಂಬುದಿರಲಿಲ್ಲ, ದಂಡದಲ್ಲಿ ಮುಗಿಯುವ ಸಾಧ್ಯತೆಯಿತ್ತು. ಈಗ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಜೈಲು ಮತ್ತು ದಂಡ.

ಗಮನಿಸಬೇಕಾದ ಅಂಶವೆಂದರೆ, ಹಣ ಬಂದದ್ದು ಮಾತ್ರಕ್ಕೆ ಯಾರೂ ಅಪರಾಧಿಯಲ್ಲ. ನನ್ನದೆಂದು ಪ್ರಾಮಾಣಿಕವಾಗಿ ನಂಬಿ ಖರ್ಚು ಮಾಡಿದವನೂ ಆ ಕ್ಷಣದಲ್ಲಿ ಅಪರಾಧಿಯಲ್ಲ. ನನ್ನದಲ್ಲವೆಂದು ತಿಳಿದ ಮೇಲೂ ಬಳಸಿದರೆ, ಕೊಡುವುದಿಲ್ಲವೆಂದು ಹಟ ಹಿಡಿದರೆ ಅಪರಾಧ. "ಗೊತ್ತಾದ ಕ್ಷಣ" ಯಾವುದೆಂಬುದರ ಮೇಲೆ ಇಡೀ ಕೇಸು ನಿಲ್ಲುತ್ತದೆ.

ಬೇರೆ ಊರುಗಳ ಪಾಠ

2021ರಲ್ಲಿ ಬಿಹಾರದ ಖಗಾರಿಯಾದ ಒಬ್ಬರ ಖಾತೆಗೆ ಬ್ಯಾಂಕಿನ ತಪ್ಪಿನಿಂದ ಐದೂವರೆ ಲಕ್ಷ ರೂಪಾಯಿ ಬಂತು. ಪ್ರಧಾನಿ ಹೇಳಿದ 15 ಲಕ್ಷದ ಮೊದಲ ಕಂತು ಇದೆಂದು ಆತ ಖರ್ಚು ಮಾಡಿದರು. ನೋಟಿಸು ಕೊಟ್ಟರೂ ಹಿಂದಿರುಗಿಸಲು ಒಪ್ಪದಿದ್ದಾಗ ಬಂಧನವಾಯಿತು. ಅದೇ ವರ್ಷ ಮಹಾರಾಷ್ಟ್ರದ ಪೈಠಣ ತಾಲೂಕಿನ ರೈತರೊಬ್ಬರ ಜನಧನ ಖಾತೆಗೆ 15 ಲಕ್ಷ ಜಮೆಯಾಯಿತು. ಅವರೂ ಹಾಗೆಯೇ ನಂಬಿ ಸುಮಾರು 9 ಲಕ್ಷದಲ್ಲಿ ಮನೆ ಕಟ್ಟಿಸಿದರು. ತಿಂಗಳುಗಳು ಕಳೆದ ಮೇಲೆ ಬ್ಯಾಂಕು ಎಚ್ಚೆತ್ತು, ಆ ಹಣ ಗ್ರಾಮ ಪಂಚಾಯತಿಯದ್ದೆಂದು ತಿಳಿಸಿತು.

ಇನ್ನೊಂದು ಪ್ರಕರಣ ನಮ್ಮಂಥ ಹಳ್ಳಿಗರಿಗೆ ಹೆಚ್ಚು ಹತ್ತಿರದ್ದು. ಜಾರ್ಖಂಡಿನ ಬೀಡಿ ಕಾರ್ಮಿಕನೊಬ್ಬನ ಆಧಾರ್ ನಂಬರ್ ತಪ್ಪಾಗಿ ಬೇರೊಬ್ಬ ಮಹಿಳೆಯ ಖಾತೆಗೆ ಜೋಡಣೆಯಾಗಿತ್ತು. ಸೇವಾ ಕೇಂದ್ರದಲ್ಲಿ ಹೆಬ್ಬೆರಳು ಒತ್ತಿದಾಗಲೆಲ್ಲ ಹಣ ಸಿಕ್ಕಿತು. ಸರಕಾರವೇ ಕೊಡುತ್ತಿದೆಯೆಂದು ಆತ ಸುಮಾರು 2 ಲಕ್ಷ ತೆಗೆದ. 2023ರ ಮಾರ್ಚಿನಲ್ಲಿ ಬಂಧನವಾಯಿತು. ಆಧಾರ್ ಜೋಡಿಸಿದ್ದು ಅವನಲ್ಲ; ಆದರೂ ಜೈಲಿಗೆ ಹೋದದ್ದು ಅವನೇ.

ಗಡಿನಾಡಿನಲ್ಲಿ ಗೊಂದಲ ಹೆಚ್ಚು

ಕಾಸರಗೋಡಿನ ಕನ್ನಡಿಗರಿಗೆ ಇಲ್ಲಿ ಮೂರು ವಿಶೇಷ ತೊಡಕುಗಳಿವೆ.

ಒಂದು, ಬ್ಯಾಂಕುಗಳ ವಿಲೀನ. ಕರಾವಳಿಯಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಐಎಫ್‌ಎಸ್‌ಸಿ ಕೋಡುಗಳು ಬದಲಾದವು. ಹಳೆಯ ಪಾಸ್‌ಬುಕ್ ನೋಡಿ ನಂಬರ್ ಬರೆದುಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ. ಆನ್‌ಲೈನ್ ಪಾವತಿಯಲ್ಲಿ ಬಹುಕಾಲ ಖಾತೆ ನಂಬರನ್ನು ಮಾತ್ರ ನೋಡಿ ಹಣ ಜಮೆ ಮಾಡುತ್ತಿದ್ದರು, ಹೆಸರು ತಾಳೆ ನೋಡುವ ಕ್ರಮವಿರಲಿಲ್ಲ. ಒಂದು ಅಂಕಿ ತಪ್ಪಿದರೆ ಹಣ ಅಪರಿಚಿತರ ಖಾತೆಗೆ. ಆರ್‌ಟಿಜಿಎಸ್ ಮತ್ತು ನೆಫ್ಟ್‌ನಲ್ಲಿ ಹಣ ಕಳುಹಿಸುವ ಮೊದಲು ಪಡೆಯುವವರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿದ ಮೇಲಷ್ಟೇ ಇದಕ್ಕೆ ಒಂದು ತಡೆ ಬಂತು.

ಎರಡು, ಎರಡು ರಾಜ್ಯಗಳ ಖಾತೆ. ಮಂಗಳೂರಿನಲ್ಲಿ ಕೆಲಸವಿರುವವರಿಗೆ ಅಲ್ಲೊಂದು ಖಾತೆ, ಊರಿನಲ್ಲಿ ಇನ್ನೊಂದು. ಸರಕಾರಿ ಸವಲತ್ತು ಆಧಾರ್ ಮೂಲಕ ಬರುವಾಗ, ಕೊನೆಗೆ ಯಾವ ಬ್ಯಾಂಕಿಗೆ ಜೋಡಿಸಿದ್ದೇವೆಯೋ ಅಲ್ಲಿಗೆ ಹೋಗುತ್ತದೆ. ಕಾದು ಕುಳಿತ ಖಾತೆಗೆ ಬಾರದ ಹಣ ಇನ್ನೊಂದರಲ್ಲಿ ಬಿದ್ದಿರುತ್ತದೆ. ಹಾಗಾಗಿ ಅಪರಿಚಿತ ಜಮೆ ಕಂಡಾಗ ಅದು ನಮ್ಮದೇ ಹಣವೂ ಆಗಿರಬಹುದು, ಮೊದಲು ಇದನ್ನು ಪರಿಶೀಲಿಸಬೇಕು.

ಮೂರು, ಭಾಷೆ. ಮೊಬೈಲಿಗೆ ಬರುವ ಸಂದೇಶ ಇಂಗ್ಲಿಷಿನಲ್ಲಿ, ಶಾಖೆಯ ನೋಟಿಸು ಮಲಯಾಳದಲ್ಲಿ. ವಯಸ್ಸಾದ ಕನ್ನಡಿಗರು ಎರಡನ್ನೂ ಓದಲಾರರು. ಕೇರಳದಲ್ಲಿ ಕ್ಷೇಮ ಪಿಂಚಣಿ ಹಲವು ಸಲ ಬಾಕಿಯಾಗಿ, ಎರಡು ಮೂರು ಕಂತು ಒಟ್ಟಿಗೆ ಬಂದದ್ದಿದೆ. 2025ರ ನವೆಂಬರಿನಿಂದ 1,600 ಇದ್ದ ಪಿಂಚಣಿ 2,000 ಆಯಿತು. ಇಂಥ ಸಂದರ್ಭದಲ್ಲಿ ಐದಾರು ಸಾವಿರ ಹೆಚ್ಚು ಕಂಡರೆ "ಬಾಕಿ ಬಂದಿರಬೇಕು" ಎಂದುಕೊಳ್ಳುವುದು ಸಹಜ. ಆದರೆ ಅನರ್ಹ ಪಿಂಚಣಿಯನ್ನು ಸರಕಾರ ಬಿಡುವುದಿಲ್ಲ. ಕ್ಷೇಮ ಪಿಂಚಣಿ ಪಡೆಯುತ್ತಿದ್ದ 1,458 ಸರಕಾರಿ ನೌಕರರನ್ನು 2024ರಲ್ಲಿ ಕೇರಳ ಹಣಕಾಸು ಇಲಾಖೆ ಪತ್ತೆ ಹಚ್ಚಿತು. ಶೇಕಡಾ 18 ಬಡ್ಡಿ ಸಹಿತ ವಸೂಲಿಗೆ ಆದೇಶವಾಯಿತು. ಮನೆಯ ಹಿರಿಯರು ತೀರಿಕೊಂಡ ಮೇಲೂ ಪಿಂಚಣಿ ಬರುತ್ತಿದ್ದರೆ ಅದೂ ತಪ್ಪಿ ಬಂದ ಹಣವೇ. ಮರಣ ಪ್ರಮಾಣಪತ್ರವನ್ನು ಪಂಚಾಯತಿಗೂ ಬ್ಯಾಂಕಿಗೂ ತಡಮಾಡದೆ ಕೊಡಬೇಕು.

ಮಾಡಬೇಕಾದದ್ದು

ಮೊದಲನೆಯದಾಗಿ, ಹಣ ನಿಜವಾಗಿ ಬಂದಿದೆಯೇ ನೋಡಿ. ಮೊಬೈಲ್ ಸಂದೇಶವನ್ನು ನಂಬಬೇಡಿ, ಪಾಸ್‌ಬುಕ್ ಎಂಟ್ರಿ ಮಾಡಿಸಿ. 2021ರಲ್ಲಿ ಬಿಹಾರದ ಕಟಿಹಾರ್‌ನ ಇಬ್ಬರು ಶಾಲಾ ಬಾಲಕರ ಖಾತೆಯಲ್ಲಿ 900 ಕೋಟಿಗೂ ಮೀರಿದ ಮೊತ್ತ ಕಂಡಿತ್ತು. ವಿಚಾರಿಸಿದಾಗ ಅದು ಪರದೆಯ ಮೇಲೆ ಮಾತ್ರ ಇತ್ತು, ಖಾತೆಯಲ್ಲಿ ಇದ್ದದ್ದು ಚಿಲ್ಲರೆ ಹಣ.

ಎರಡನೆಯದಾಗಿ, ಹಣ ಮುಟ್ಟಬೇಡಿ. ತೆಗೆಯುವುದು, ಇನ್ನೊಂದು ಖಾತೆಗೆ ಹಾಕುವುದು, ಚಿನ್ನದ ಸಾಲ ತೀರಿಸುವುದು ಯಾವುದೂ ಬೇಡ. "ಭದ್ರವಾಗಿರಲಿ" ಎಂದು ಬೇರೆ ಕಡೆ ವರ್ಗಾಯಿಸಿದರೂ ಅದು ಬಳಸಿಕೊಂಡಂತೆಯೇ ಕಾಣುತ್ತದೆ. ಸಾಲದ ಕಂತು ತಾನಾಗಿ ಕಡಿತವಾಗುವ ಖಾತೆಯಾದರೆ ಅದೇ ದಿನ ಶಾಖೆಗೆ ಹೇಳಿ. ಬೆಳೆಸಾಲದ ಖಾತೆಗೆ ಬಂದ ಹಣವಂತೂ ನೇರ ಸಾಲಕ್ಕೆ ವಜಾ ಆಗುತ್ತದೆ. ಆಮೇಲೆ ಬ್ಯಾಂಕು ಹಿಂತೆಗೆದಾಗ ಸಾಲ ಮತ್ತೆ ಏರುತ್ತದೆ, ಬಡ್ಡಿ ಲೆಕ್ಕ ಸರಿಯಾಗಿದೆಯೇ ಎಂದು ಆಗ ನೋಡಬೇಕು.

ಮೂರನೆಯದಾಗಿ, ಬರಹದಲ್ಲಿ ತಿಳಿಸಿ. ಮ್ಯಾನೇಜರ್ ಪರಿಚಯದವರೆಂದು ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ಅವರಿಗೆ ನಾಳೆ ವರ್ಗವಾದರೆ ಸಾಕ್ಷಿ ಇಲ್ಲ. ಪತ್ರ ಇಷ್ಟೇ ಇರಲಿ: "ದಿನಾಂಕ ಇಂಥದ್ದರಂದು ನನ್ನ ಇಂಥ ಖಾತೆಗೆ ಇಷ್ಟು ರೂಪಾಯಿ ಜಮೆಯಾಗಿದೆ. ಯುಟಿಆರ್ ನಂಬರ್ ಇಂಥದ್ದು. ಈ ಹಣ ನನ್ನದಲ್ಲ. ಪರಿಶೀಲಿಸಿ, ಕ್ರಮ ಪ್ರಕಾರ ಹಿಂದಿರುಗಿಸಿ ನನಗೆ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ." ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಮಲಯಾಳ ಬಲ್ಲ ಮಕ್ಕಳಿದ್ದರೆ ಆ ಭಾಷೆಯ ಪ್ರತಿಯನ್ನೂ ಜತೆಗಿಟ್ಟರೆ ಕೆಲಸ ಬೇಗ ಆಗುತ್ತದೆ. "ಗೊತ್ತಾದ ಕ್ಷಣ"ದಲ್ಲಿ ನೀವು ಏನು ಮಾಡಿದಿರಿ ಎಂಬುದಕ್ಕೆ ಆ ಸೀಲು ಬಿದ್ದ ಕಾಗದವೇ ಸಾಕ್ಷಿ.

ನಾಲ್ಕನೆಯದಾಗಿ, ಹಣ ಮೊದಲೇ ಖರ್ಚಾಗಿ ಹೋಗಿದ್ದರೆ ಅಡಗಿಕೊಳ್ಳಬೇಡಿ. ನನ್ನದೆಂದು ಏಕೆ ನಂಬಿದೆ ಎಂಬುದನ್ನು ಬರೆದು, ಕಂತುಗಳಲ್ಲಿ ಕಟ್ಟಲು ಅವಕಾಶ ಕೇಳಿ. ಕೊಡುವ ಮನಸ್ಸಿದೆ ಎಂಬ ದಾಖಲೆ ಇರುವವನನ್ನು ಅಪ್ರಾಮಾಣಿಕನೆಂದು ಸಾಧಿಸುವುದು ಸುಲಭವಲ್ಲ.

"ತಪ್ಪಿ ಹಾಕಿದೆ" ಎಂಬ ಕರೆ ಬಂದರೆ

ಈಗ ಹೆಚ್ಚಿರುವ ಅಪಾಯ ಇದು. "ಅಣ್ಣಾ, ಆಸ್ಪತ್ರೆಗೆ ಕಳುಹಿಸಬೇಕಾದ ಹಣ ನಿಮಗೆ ಬಂತು, ಗೂಗಲ್ ಪೇ ಮಾಡಿ" ಎಂದು ಅಳುವ ಸ್ವರ. ಕೆಲವೊಮ್ಮೆ ಸಂದೇಶವೇ ಸುಳ್ಳು, ಹಣ ಬಂದೇ ಇರುವುದಿಲ್ಲ. ಕೆಲವೊಮ್ಮೆ ಹಣ ಬಂದಿರುತ್ತದೆ, ಆದರೆ ಅದು ಇನ್ಯಾರಿಗೋ ವಂಚಿಸಿ ಪಡೆದದ್ದು. ಕರೆ ಮಾಡಿದವನ ನಂಬರಿಗೆ ನೀವು ಹಣ ಹಾಕಿದರೆ ಕಳ್ಳನ ಹಣ ದಾಟಿಸಿದಂತಾಗುತ್ತದೆ. ಮೂಲ ಹಣದ ಒಡೆಯ ದೂರು ಕೊಟ್ಟಾಗ ನಿಮ್ಮ ಖಾತೆಯೇ ಸ್ಥಗಿತ. ಆದುದರಿಂದ ಕರೆ ಮಾಡಿದವರಿಗೆ ಒಂದೇ ಉತ್ತರ: "ನಿಮ್ಮ ಬ್ಯಾಂಕಿಗೆ ದೂರು ಕೊಡಿ, ನನ್ನ ಬ್ಯಾಂಕು ಕೇಳಿದಾಗ ಒಪ್ಪಿಗೆ ಕೊಡುತ್ತೇನೆ." ನಿಜವಾಗಿ ತಪ್ಪಿ ಹಾಕಿದವರಿಗೆ ಇದರಿಂದ ನಷ್ಟವಿಲ್ಲ. ಸಂಶಯ ಬಂದರೆ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ.

2023ರಲ್ಲಿ ಕೇರಳದ ಅನೇಕ ವ್ಯಾಪಾರಿಗಳ ಖಾತೆಗಳು ಹೊರರಾಜ್ಯದ ಪೊಲೀಸರ ಸೂಚನೆಯಂತೆ ಹೀಗೆ ಸ್ಥಗಿತಗೊಂಡಿದ್ದವು. ಯುಪಿಐ ಮೂಲಕ ಬಂದ ಸಣ್ಣ ಮೊತ್ತದ ಹಿಂದೆ ವಂಚನೆ ಇತ್ತೆಂಬುದು ಅವರಿಗೆ ತಿಳಿದೇ ಇರಲಿಲ್ಲ. ಅದೇ ವರ್ಷ ಕೇರಳ ಹೈಕೋರ್ಟು, ಪೊಲೀಸರು ಹೇಳಿದ ಮೊತ್ತಕ್ಕಷ್ಟೇ ತಡೆ ಹಾಕಬೇಕೆಂದು ಬ್ಯಾಂಕುಗಳಿಗೆ ನಿರ್ದೇಶಿಸಿತು. ಖಾತೆ ಸ್ಥಗಿತವಾದವರು ಯಾವ ಠಾಣೆ, ಯಾವ ದೂರು, ಎಷ್ಟು ಮೊತ್ತ ಎಂಬುದನ್ನು ಶಾಖೆಯಿಂದ ಬರಹದಲ್ಲಿ ಕೇಳಿ, ಉಳಿದ ಹಣ ಬಿಡಿಸಿಕೊಳ್ಳಲು ಈ ತೀರ್ಪನ್ನು ತೋರಿಸಬಹುದು.

ಬ್ಯಾಂಕಿಗೆ ಹೊಣೆ ಇಲ್ಲವೇ?

ಇದೆ, ಆದರೆ ಅದು ಕಾಣುವುದು ಕಡಿಮೆ. ಪೈಠಣದ ರೈತನಿಗೆ ತಪ್ಪು ತಿಳಿಸಲು ಬ್ಯಾಂಕಿಗೆ ತಿಂಗಳುಗಳೇ ಬೇಕಾದವು. ಅಷ್ಟರಲ್ಲಿ ಮನೆ ಎದ್ದಿತ್ತು. ಒಂದು ವಾರದಲ್ಲಿ ತಿಳಿಸಿದ್ದರೆ ಆತ ಸಾಲಗಾರನಾಗುತ್ತಿರಲಿಲ್ಲ. ತಪ್ಪು ಎಷ್ಟು ಹಳೆಯದೋ ಬಡವನ ಹೊರೆ ಅಷ್ಟು ಭಾರ. ತಡಮಾಡಿದ ಬ್ಯಾಂಕು ಕಂತು, ಬಡ್ಡಿ ವಿನಾಯಿತಿ ಕೊಡುವುದು ನ್ಯಾಯ. ಇದು ಗ್ರಾಹಕರ ಪ್ರಾಮಾಣಿಕತೆಗೆ ಬ್ಯಾಂಕು ತೋರಬೇಕಾದ ಕನಿಷ್ಠ ಮರ್ಯಾದೆ ಕೂಡ.

ತಪ್ಪು ಜಮೆಯನ್ನು ಸರಿಪಡಿಸುವಾಗ ಬ್ಯಾಂಕು ನಿಮ್ಮ ಸ್ವಂತ ಹಣವನ್ನೂ ಹಿಡಿದರೆ, ಪತ್ರಕ್ಕೆ 30 ದಿನಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448 ಎಂಬ ಉಚಿತ ನಂಬರಿನಲ್ಲಿ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ ಎಂಬುದು ಗಡಿನಾಡಿನವರಿಗೆ ಸಮಾಧಾನದ ವಿಷಯ.

ಕೊನೆಯದಾಗಿ ಒಂದು ಮಾತು. ನಮ್ಮ ಪಂಚಾಯತಿಗಳಲ್ಲಿ ಕುಟುಂಬಶ್ರೀ ಘಟಕಗಳಿವೆ, ಗ್ರಂಥಾಲಯಗಳಿವೆ, ಯುವಕ ಸಂಘಗಳಿವೆ. ತಿಂಗಳಿಗೊಮ್ಮೆ ಊರಿನ ಹಿರಿಯರ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಬಂದ ಹಣ ಯಾವುದೆಂದು ಕನ್ನಡದಲ್ಲಿ ಓದಿ ಹೇಳುವ ಕೆಲಸವನ್ನು ಇವರು ಕೈಗೆತ್ತಿಕೊಂಡರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಹಣ ತಪ್ಪಿ ಬರುವುದನ್ನು ನಾವು ತಡೆಯಲಾರೆವು. ತಪ್ಪಿ ಬಂದದ್ದು ಮರುದಿನವೇ ನಮ್ಮ ಕಣ್ಣಿಗೆ ಬೀಳುವಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲೇ ಇದೆ.